ಕಣ್ಣಿಲ್ಲದ ಗೋಡೆ

ಮೊನ್ನೆ ನಮ್ಮ ಹೌಸಿಂಗ್ ಸೊಸೈಟಿಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು. ಟರ್ಪಂಟೈನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಲಿಫ್ಟಿಗೆ ಕಾಯುತ್ತಿದ್ದ ನಾನು ಮಲಾಡಿನ ಹಳೆಯ ಚಾಳಿನ ಕೋಣೆಯಲ್ಲಿದ್ದೆ. ಅವ್ವನ ಒಗ್ಗರಣೆಯ ಘಮವನ್ನೂ ಮೀರಿ ಅಲ್ಲಿ ಇದೇ ವಾಸನೆ ತುಂಬಿರುತ್ತಿತ್ತು. ಅದು ಅಪ್ಪನ ತಮ್ಮ ಶಂಕರ ಕಾಕಾನದು. ಯುದ್ಧಕ್ಕೆ ಹೋಗಿದ್ದ ಕಾಕಾ ಕೈಕಾಲು ನೆಟ್ಟಗಿಟ್ಟುಕೊಂಡೇ ಮರಳಿದ್ದ. ಹಾಗಾಗಿ ಅವನಿಗೆ ಏನೋ ಆಗಿದೆ ಎಂದು ಯಾರೂ ಒಪ್ಪಲಿಲ್ಲ. ಲೋಕಲ್ ರೈಲು ಬ್ರೇಕ್ ಹಾಕಿದ ಸದ್ದಿಗೆ ಮಂಚದ ಕೆಳಗೆ ಸೇರುತ್ತಿದ್ದ. ಕಣ್ಣು ಮುಚ್ಚಿದರೆ ಸತ್ತವರ ಮುಖಗಳು ಬರುತ್ತವೆಂದು ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಿದ್ದ.

ಮಿಲಿಟರಿ ಆಸ್ಪತ್ರೆಯ ಡಾಕ್ಟರೊಬ್ಬರು ಅವನ ಕೈಗೆ ಬ್ರಷ್ ಕೊಟ್ಟು, ಏನನ್ನೂ ಬಿಡಿಸಬೇಡ, ಸುಮ್ಮನೆ ಬಣ್ಣ ಹಚ್ಚು ಎಂದಿದ್ದರಂತೆ. ಕಾಕಾ ಬೋರ್ಡ್ ಬರೆಯುವವರ ಹತ್ತಿರ ಉಳಿದ ಬಣ್ಣ ಬೇಡಿ ತಂದು ಮಂಚದೆದುರಿನ ಗೋಡೆಗೆ ಹಚ್ಚತೊಡಗಿದ. ನೀಲಿಯ ಮೇಲೆ ನೀಲಿ, ಅದರ ಅಂಚಿಗೆ ಹಳದಿ, ಮತ್ತೆ ನೀಲಿ. ಎಲ್ಲಾದರೂ ಮೂಗಿನಂಥದೋ ಕೈಯಂಥದೋ ಮೂಡಿದರೆ ತಕ್ಷಣ ಒರೆಸಿಬಿಡುತ್ತಿದ್ದ. ಆಗಿನ್ನೂ ಹುಡುಗನಾಗಿದ್ದ ನಾನು ಯಾಕೆಂದು ಕೇಳಿದೆ. "ಆಕಾರ ಬಂತಂದ್ರ ಮುಖ ಬರ್ತದೋ ತಮ್ಮಾ. ಇಲ್ಲಿ ಯಾರೂ ಇಲ್ಲ ನೋಡು. ಇದನ್ನ ನೋಡ್ಕೋತ ಮಲಗಬಹುದು." ಮಲಗಿದ ಕೂಡ. ಆ ಮಳೆಗಾಲದಲ್ಲಿ, ಅವ್ವ ಸ್ಟೋವಿಗೆ ಪಂಪು ಹೊಡೆಯುವ ಸದ್ದಿಗೂ ಏಳದಂಥ ನಿದ್ದೆ ಅವನಿಗೆ ಬಂತು.

ಆದರೆ ಅರ್ಥವಾಗದ್ದನ್ನು ಅದರ ಪಾಡಿಗೆ ಬಿಡುವುದು ನಮ್ಮ ಜನಕ್ಕೆ ಎಂದಾದರೂ ಗೊತ್ತಿತ್ತೇ? ಬಂದವರೆಲ್ಲ ಕೇಳುವುದು ಒಂದೇ, ಇದೇನು? ಒಂದು ದಿನ ಪಕ್ಕದ ಕೋಣೆಯ ಗಂಗಕ್ಕ ಗಲ್ಲಕ್ಕೆ ಕೈಯಿಟ್ಟು, "ಅಯ್ಯ, ಇಂವ ಗಣಪತಿ ಅದಾನಲ್ರೀ! ಸೊಂಡಿ ಕಾಣವಲ್ತೇನು?" ಎಂದಳು. "ಸುಮ್ನಿರ್ರಿ ಗಂಗಕ್ಕ, ನಮ್ಮ ಶಂಕರಗ ಗ್ವಾಡಿ ಕೆಡಸೂದೊಂದ ಬರ್ತದ," ಎಂದು ಅವ್ವ ನಕ್ಕಳು. ಕಾಕಾ ಹಾಲು ತರಲು ಹೋಗಿದ್ದ. ಅವನು ಹೇಳಿದ್ದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಗೆ ಬ್ರಷ್ ಎತ್ತಿಕೊಂಡು ಆ ನೀಲಿಯಲ್ಲಿ ಎರಡು ಕಪ್ಪು ಕಣ್ಣು ಬರೆದೆ. ಗಂಗಕ್ಕ ಕೈಮುಗಿದಳು. ಗಳಿಗೆಯಲ್ಲಿ ಗೋಡೆಗೆ ಕುಂಕುಮ ಬಂತು, ಹೂವು ಬಂತು, ದೀಪ ಬಂತು.

ಕಾಕಾ ಬಂದವನು ಬಾಗಿಲಲ್ಲೇ ನಿಂತ. ಆಮೇಲೆ ಒರೆಸುವ ಬಟ್ಟೆಗೆ ಕೈ ಹಾಕಿದರೆ ಅಪ್ಪ ಕೈ ಹಿಡಿದ: "ದೇವರನ್ನ ಅಳಸ್ತೀಯೇನೋ?" ಯಾರು ಬರೆದರೆಂದು ಕಾಕಾ ಕೇಳಲಿಲ್ಲ. ಬಣ್ಣ ಮೆತ್ತಿದ ನನ್ನ ಬೆರಳನ್ನು ನೋಡಿದ, ಅಷ್ಟೇ. ಅಂದಿನಿಂದ ಹೊರಗಿನ ಗ್ಯಾಲರಿಯಲ್ಲಿ, ಕಟಕಟೆಯ ಕಂಬಿಗಳಿಗೆ ಮುಖ ಮಾಡಿ ಮತ್ತೆ ಕುಳಿತೇ ಬೆಳಗು ಮಾಡತೊಡಗಿದ. ಬ್ರಷ್ ಮುಟ್ಟಲಿಲ್ಲ. ಯುದ್ಧದಿಂದ ಬಂದ ದಿನ ಸ್ಟೇಷನ್ನಿಗೇ ಹೋಗಿ ಅವನ ಕೊರಳಿಗೆ ಹಾರ ಹಾಕಿದ್ದ ಚಾಳು, ನೋಡುತ್ತ ಮಲಗಲು ಅವನಿಗೊಂದು ಗೋಡೆಯನ್ನು ಬಿಟ್ಟುಕೊಡಲಿಲ್ಲ. ಇದನ್ನು ಭಕ್ತಿ ಎಂದು ಯಾರೂ ನನಗೆ ಹೇಳಬೇಡಿ. ಹುಡುಗಾಟ ಎಂದು ನನ್ನನ್ನು ಬಿಟ್ಟುಬಿಡಲೂ ಬೇಡಿ.

ಕಾಕಾ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ ಚಾಳನ್ನು ಕೆಡವಿದರು. ನೋಡಲು ಹೋಗಿದ್ದೆ. ಹೊರಗೋಡೆ ಬಿದ್ದು ನಮ್ಮ ಕೋಣೆ ಬೀದಿಗೆ ತೆರೆದುಕೊಂಡಿತ್ತು. ದೀಪದ ಮಸಿ ಹಿಡಿದ ಗಾರೆ ನನ್ನ ಎರಡು ಕಣ್ಣುಗಳ ಸಮೇತ ಮೊದಲು ಕಳಚಿ ಬಿತ್ತು. ಉಳಿದ ನೀಲಿ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಅದರಲ್ಲಿ ಯಾರೂ ಇರಲಿಲ್ಲ.