ವಾಸನೆ ಇಲ್ಲದ ಅಂಗಿ

ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಕೂತು, "ಇವತ್ತೇನೇ ಸಾರು?" ಎಂದು ಕೇಳುವವರು. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ನಮ್ಮ ಶಿರಾಳಕೊಪ್ಪದ ಐಸ್ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಅಮೋನಿಯ ಗ್ಯಾಸು ಕುಡಿದ ಮೂಗು ಅದು. ಊರಿಗೆ ಅವರು ಐಸ್ ಬಸಣ್ಣ, ನನಗೆ ಯಜಮಾನರು.

ಸಂಜೆ ಬಂದವರೇ ಅಂಗಿ ಬಿಚ್ಚಿ ನನ್ನ ಕೈಗೆ ಕೊಡುವರು. "ನೋಡೇ, ಏನಂತದೆ?"

ನಾನು ಮೂಸಿ ಹೇಳಬೇಕು. "ಥೂ, ಕಣ್ಣಲ್ಲಿ ನೀರು ಬರ್ತದ್ರಿ. ದನದ ಕೊಟ್ಟಿಗೆನೇ ವಾಸಿ."

ಅವರು ನಗುವರು. "ಹಂಗಾರೆ ಇವತ್ತು ವಾಲ್ವು ಬಾಯಿ ಬಿಟ್ಟಿದೆ. ನಾಳೆ ಮಿಷಿನ್ನು ನಿಧಾನ ಓಡಿಸಬೇಕು."

ಅದನ್ನು ಅವರೇ ನನಗೆ ತಿಳಿಸಿ ಹೇಳಿದ್ದರು. ಮಿಷಿನ್ನು ಗ್ಯಾಸನ್ನು ಹಿಂಡುತ್ತದೆ. ಹಿಂಡಿದ ಗ್ಯಾಸು ಕಾಯುತ್ತದೆ. ಕೊಳವೆಗಳ ಮೇಲೆ ಬಾವಿಯ ನೀರು ಬಿಟ್ಟು ತಣಿಸಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಒಳಗೆ ಒತ್ತಡ ಏರುತ್ತದೆ. ಮಿತಿ ಮೀರಿದರೆ ವಾಲ್ವು ತಾನೇ ತೆರೆದು, ಹಂಚಿನ ಸಂದಿಯಲ್ಲಿದ್ದ ಕೊಳವೆಯಿಂದ ಒಂದಿಷ್ಟು ಗ್ಯಾಸು ಹೊರಗೆ ಬಿಟ್ಟು ಮುಚ್ಚಿಕೊಳ್ಳುತ್ತದೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಸಿಕ್ಕಿಕೊಂಡು ತಿಂಗಳುಗಳೇ ಆಗಿದ್ದವು. ಫ್ಯಾಕ್ಟರಿಯ ಸಾಹುಕಾರರು, "ಹೊಸದು ತರಿಸೋಣ ಬಿಡು ಬಸಣ್ಣ" ಎನ್ನುತ್ತಲೇ ಇದ್ದರು. ಇವರು ದಿನಾ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ನೋಡುವರು. ಅದೇ ಅಭ್ಯಾಸವಾಗಿ ಮನೆಯ ಸಕ್ಕರೆ ಡಬ್ಬಿಯನ್ನೂ ತಟ್ಟಿಯೇ ತೆಗೆಯುತ್ತಿದ್ದರು.

ಆ ಬೇಸಿಗೆ ನನ್ನ ತಂಗಿಯ ಮದುವೆ. ರಜೆ ಸಿಗುವುದು ಕಷ್ಟ ಎಂದರೂ ನಾನು ಹಟ ಮಾಡಿ ಅವರನ್ನು ಎರಡು ದಿನ ಆನವಟ್ಟಿಗೆ ಕರೆದುಕೊಂಡು ಹೋದೆ. ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ ಅಂಗಿ ಮೂಸಿದರೆ ಬರೀ ಬೆವರು. ಮರುದಿನವೂ ಅಷ್ಟೇ.

"ಏನೂ ಇಲ್ರಿ! ಮದುಮಗನ ಅಂಗಿ ಹಂಗಿದೆ" ಎಂದೆ.

"ಹೌದಾ? ಹಂಗಾರೆ ನೀರು ಸಾಕಾಗ್ತಿದೆ ಬಿಡು. ನಾಳೆ ಸಂತೆ, ಐಸು ಜಾಸ್ತಿ ಬೇಕು. ಜೋರು ಓಡಿಸ್ತೀನಿ."

ನನಗೆಷ್ಟು ಖುಷಿ! ಆ ಅಂಗಿಯನ್ನು ಒಗೆಯಲು ಹಾಕದೆ ಗೂಟಕ್ಕೆ ತಗುಲಿಸಿದೆ.

ಮರುದಿನ ಮಧ್ಯಾಹ್ನ ಕೊಳವೆ ಒಡೆಯಿತು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ಸದ್ದಿಗಿಂತ ಹೆಚ್ಚಾಗಿ ನೆನಪಿರುವುದು ಆ ವಾಸನೆ. ಓಡಿ ಹೋಗುವಷ್ಟರಲ್ಲಿ ಅವರನ್ನು ಹೊರಗೆ ತಂದು ಮಲಗಿಸಿದ್ದರು. ಮುಖಕ್ಕೆ ಒದ್ದೆ ಗೋಣಿ ಮುಚ್ಚಿದ್ದರು. ಅದನ್ನು ತೆಗೆಯಲು ಯಾರೂ ನನ್ನನ್ನು ಬಿಡಲಿಲ್ಲ.

ಆಮೇಲೆ ಏಣಿ ಹಾಕಿ ನೋಡಿದಾಗ ಹಂಚಿನ ಸಂದಿಯ ಕೊಳವೆಯ ಬಾಯಿಗೆ ಕಬ್ಬಿಣದ ಬಿರಡೆ ತಿರುಪಿ ಬಿಗಿದಿದ್ದರು. ನಾವು ಮದುವೆಯಲ್ಲಿದ್ದಾಗ ಸಾಹುಕಾರರು ಮಾಡಿಸಿದ ಕೆಲಸ.

ಹನ್ನೊಂದನೆಯ ದಿನ ಸಾಹುಕಾರರು ಬಂದು ಜಗುಲಿಯಲ್ಲಿ ಕೂತರು. "ನಾತಕ್ಕೆ ಗಿರಾಕಿ ಬರಲ್ಲ ಅಂತ ಪಕ್ಕದ ಜವಳಿ ಅಂಗಡಿಯೋರು ಕಾಟ ಕೊಟ್ರಮ್ಮ. ಬಸಣ್ಣಂಗೆ ಹೇಳಬೇಕು ಅಂತಿದ್ದೆ, ಮರೆತೆ."

ನಾನು ಒಳಗೆ ಹೋಗಿ ಗೂಟದ ಅಂಗಿ ತಂದು ಅವರ ಕೈಯಲ್ಲಿಟ್ಟೆ. "ಮೂಸಿ ನೋಡ್ರಿ."

ಅವರು ಮುಜುಗರದಿಂದ ಮೂಗಿನ ಹತ್ತಿರ ಹಿಡಿದರು. "ಏನೂ ವಾಸನೆ ಇಲ್ವಲ್ಲಮ್ಮ."

"ನಾನೂ ಅವರಿಗೆ ಹಂಗೇ ಹೇಳಿ ಕಳಿಸಿದೆ" ಎಂದೆ.