ಎರಡು ಬೆರಳು ಕುಗ್ಗಿದ ಗಜ

ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ನಾಡ ಬಂದೂಕು ಇಟ್ಟವರಿಗೆಲ್ಲ ಸೊಣ್ಣಪ್ಪ ಬೇಕಿದ್ದ. ಅವನೇನು ಬಂದೂಕು ಮಾಡುವವನಲ್ಲ. ಬಂದೂಕಿಗೆ ಬೇಕಾದ ಮರದ ಸಾಮಾನು ಮಾಡುವವನು. ಮದ್ದು ಅಳೆಯುವ ಬಟ್ಟಲು, ಮದ್ದಿನ ಬುರುಡೆಗೆ ಬಿರಡೆ, ಎಲ್ಲಕ್ಕಿಂತ ಹೆಚ್ಚಾಗಿ ಗಜ. ಕೋವಿಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸೀಸದ ಚರೆ ಹಾಕಿ ಗಿಡಿಯುವ ಉದ್ದನೆಯ ಕೋಲೇ ಗಜ. ಕೋಲು ತಾನೆ, ಯಾರು ಬೇಕಾದರೂ ಕೆತ್ತಿಯಾರು ಎಂದು ಅವನೆದುರು ಬಾಯಿ ತಪ್ಪಿ ಅಂದವರಿಗೆ ಆ ದಿನ ಗಜವೂ ಸಿಗುತ್ತಿರಲಿಲ್ಲ, ಮಾತೂ ಸಿಗುತ್ತಿರಲಿಲ್ಲ.

ಹರೆಯದಲ್ಲಿ ಚಿನ್ನದ ಗಣಿಯ ಮೈಸೂರು ಮೈನ್ಸ್‌ನ ಮರಗೆಲಸದ ಶೆಡ್ಡಿನಲ್ಲಿ ನಾಲ್ಕು ವರ್ಷ ಕೂಲಿ ಮಾಡಿ ಮರ ಕಡೆಯುವ ಚರಕಿ ತಿರುಗಿಸುವುದನ್ನು ಕಲಿತವನು ಅವನು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಹೋದಾಗ ಊರಿಗೆ ಬಂದ. ಮನೆಯಲ್ಲಿ ಆರು ವರ್ಷದ ತಮ್ಮ ಆಂಜಿನಪ್ಪ ಇದ್ದ. ಸೊಣ್ಣಪ್ಪನನ್ನು ಮದುವೆಯಾಗಿ ಬಂದ ಕದಿರಮ್ಮನಿಗೆ ಮಕ್ಕಳಾಗಲಿಲ್ಲ. ಮೈದುನನನ್ನೇ ಮಗನೆಂದುಕೊಂಡು ತುತ್ತು ತಿನ್ನಿಸಿ ಬೆಳೆಸಿದಳು. ಬೆಳೆದ ಆಂಜಿನಪ್ಪ ಅಣ್ಣನ ಪಕ್ಕದಲ್ಲೇ ಕೂತು ಕೆಲಸ ಕಲಿತ. ಎಡಚ. ಉಳಿ ಹಿಡಿದರೂ ಎಡಗೈ, ಸುತ್ತಿಗೆ ಹಿಡಿದರೂ ಎಡಗೈ. ಕೈಯೇನೋ ಚುರುಕು, ಆದರೆ ತಾಳ್ಮೆ ಸ್ವಲ್ಪ ಕಮ್ಮಿ.

ಸೊಣ್ಣಪ್ಪನ ಗಜಕ್ಕೆ ಅಷ್ಟು ಹೆಸರು ಬಂದದ್ದು ಎರಡು ಗೀರುಗಳಿಂದ. ದಿಂಡಿಗದ ಮರವನ್ನು ಕೊಯ್ಯದೆ, ಎಳೆ ನೋಡಿ ಸೀಳಿ, ಹೆರೆದು, ಎಣ್ಣೆ ಕುಡಿಸಿ, ಕೋವಿಯೊಳಗೆ ಇಳಿಯುವ ತುದಿಗೆ ಕೊಂಬಿನ ಟೊಪ್ಪಿಗೆ ಕೂರಿಸುತ್ತಿದ್ದ. ಆಮೇಲೆ ಬಂದೂಕಿನವನನ್ನೇ ಕರೆಸಿ ಬರಿ ಕೋವಿಗೆ ಗಜ ಇಳಿಬಿಟ್ಟು, ಕೋವಿಯ ಬಾಯಿಗೆ ಸಮನಾಗಿ ಒಂದು ಗೀರು ಹಾಕುತ್ತಿದ್ದ. ಮದ್ದು ತುಂಬಿಸಿ ಮತ್ತೆ ಇಳಿಬಿಟ್ಟರೆ ಗಜ ಎರಡು ಬೆರಳು ಮೇಲೆ ನಿಲ್ಲುತ್ತಿತ್ತು. ಅಲ್ಲಿ ಇನ್ನೊಂದು ಗೀರು. ಕೋವಿಯ ಬಾಯಿಗೆ ಮೇಲಿನ ಗೀರು ಸಮ ಬಂದರೆ ಖಾಲಿ, ಕೆಳಗಿನದು ಬಂದರೆ ತುಂಬಿದೆ. ಕಡಲೆಕಾಯಿ ಹೊಲದಲ್ಲಿ ಹಂದಿ ಕಾಯುವವರು, ನಿನ್ನೆ ತುಂಬಿದ್ದೆನೋ ಇಲ್ಲವೋ ಎಂದು ಅನುಮಾನ ಬಂದರೆ ಗಜ ಇಳಿಬಿಟ್ಟು ನೋಡುತ್ತಿದ್ದರು. ತಮ್ಮ ನೆನಪಿಗಿಂತ ಸೊಣ್ಣಪ್ಪನ ಗೀರಿನ ಮೇಲೆ ಅವರಿಗೆ ನಂಬಿಕೆ. ಇದಕ್ಕಾಗಿಯೇ ಅವನದೊಂದು ಕಟ್ಟಳೆ ಇತ್ತು: ತುದಿ ಮುರಿದ ಗಜವನ್ನು ಯಾವತ್ತೂ ಕೊಯ್ದು ರಿಪೇರಿ ಮಾಡುತ್ತಿರಲಿಲ್ಲ. ಹೊಸದನ್ನೇ ಕೊಡುತ್ತಿದ್ದ. ಒಂದೊಂದು ಬಂದೂಕಿನ ಗಜಕ್ಕೂ ಜೋಡಿಯಾಗಿ ಅದೇ ಉದ್ದದ ಒಂದು ಕಡ್ಡಿಯನ್ನು ಗೀರು ಹಾಕಿ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಪಕ್ಕದೂರಿನ ಮುನಿನಾರಾಯಣಪ್ಪನ ಬಂದೂಕು ಕೈಯಲ್ಲೇ ಒಡೆಯಿತು. ಎಡಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಹೋದವು. ಒಕ್ಕಲುತನದ ಕೈ, ಇನ್ನು ನೇಗಿಲು ಹಿಡಿಯುವಂತಿಲ್ಲ. ಗಜ ಖಾಲಿ ಎಂದು ತೋರಿಸಿದ್ದಕ್ಕೆ ನಾನು ಮದ್ದು ಹಾಕಿದೆ, ಮೊದಲೇ ಒಳಗೆ ಮದ್ದಿತ್ತು, ಎರಡರಷ್ಟಾಗಿ ಒಡೆಯಿತು ಎಂದು ಅವನು ಹೇಳಿದ. ಸೊಣ್ಣಪ್ಪನ ಗೀರೇ ತಪ್ಪು ಎಂಬ ಮಾತು ಸಂತೆಯಿಂದ ಸಂತೆಗೆ ಹಬ್ಬಿತು. ಪೊಲೀಸರಿಗೆ ದೂರು ಬರೆಸುವ ಮೊದಲು ಮುಖಾಮುಖಿ ಕೇಳಬೇಕೆಂದು ಮುನಿನಾರಾಯಣಪ್ಪ ಹಟ ಹಿಡಿದ. ಊರ ಹಿರಿಯ ವೆಂಕಟರಾಯಪ್ಪನ ಕಣದಲ್ಲಿ ನ್ಯಾಯ ಸೇರಿತು.

ಸೊಣ್ಣಪ್ಪ ಎದೆ ಸೆಟೆಸಿಕೊಂಡೇ ಹೋದ. ಸೂರಿನಿಂದ ಆ ಬಂದೂಕಿನ ಜೋಡಿ ಕಡ್ಡಿಯನ್ನು ಹಿರಿದು ಕೈಯಲ್ಲಿ ಹಿಡಿದಿದ್ದ. ಇದ್ದ ಆಸ್ತಿಯೆಂದರೆ ಆ ಹೆಸರೊಂದೇ. ಅದನ್ನು ಬೀದಿಯಲ್ಲಿ ಬಿಟ್ಟುಬರುವ ಗಂಡಸಲ್ಲ ಅವನು. ಕಣದ ನಡುವೆ ಗಜವನ್ನೂ ಕಡ್ಡಿಯನ್ನೂ ಪಕ್ಕಪಕ್ಕ ಮಲಗಿಸಿ ಗೀರಿಗೆ ಗೀರು ಕೂಡಿಸಿದ. ಕೆಳಗಡೆ ಗಜ ಎರಡು ಬೆರಳು ಕುಗ್ಗಿತ್ತು.

"ನೋಡ್ರಪ್ಪ, ಯಾರೋ ಇದನ್ನ ಕೊಯ್ದವ್ರೆ," ಎಂದ. "ಒಳಕ್ಕೋಗೋ ತುದೀಲಿ ಎರಡು ಬೆರಳು ಕೊಯ್ದರೆ ತುಂಬಿರೋ ತುಪಾಕೀನೂ ಖಾಲಿ ಅಂತ್ಲೇ ತೋರ್ಸ್ತದೆ. ಗೀರು ನಂದು ಸರಿಯಾಗೇ ಐತೆ."

ಜನ ಬಾಗಿ ನೋಡಿದರು. ಹೌದಲ್ಲ, ಹೌದಲ್ಲ ಎಂದು ಗುಸುಗುಸು ಎದ್ದಿತು. ಮುನಿನಾರಾಯಣಪ್ಪ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಮುಂದೆ ಬಂದ. "ನಾನೆಲ್ಲೂ ಕೊಯ್ಸಿಲ್ಲ ಸೊಣ್ಣಪ್ಪ. ಯುಗಾದಿ ಮುಂದೆ ತುದಿ ಸೀಳ್ತು. ನಮ್ಮೋಳ ಕೈಲಿ ನಿನ್ ಮನೇಗೇ ಕಳ್ಸಿದ್ದೆ. ನಾಕು ದಿನಕ್ಕೆ ಸರಿಯಾಗಿ ಬಂತು. ಕೊಟ್ಟೋಳೂ ನಿನ್ ಎಂಡ್ತೀನೇ, ಇಸ್ಕೊಂಡೋಳೂ ನಿನ್ ಎಂಡ್ತೀನೇ."

ಯುಗಾದಿಯ ಮುಂದೆ ಸೊಣ್ಣಪ್ಪ ಬಂಗಾರಪೇಟೆಯ ನೆಂಟರ ಮನೆಯಲ್ಲಿದ್ದ. ಅವನು ಗಜವನ್ನು ಎತ್ತಿ ತುದಿ ನೋಡಿದ. ಕೊಂಬಿನ ಟೊಪ್ಪಿಗೆಗೆ ಬಿದಿರಿನ ಮೊಳೆ ಹೊಡೆದಿತ್ತು. ಆ ಸೀಮೆಯಲ್ಲಿ ಹಾಗೆ ಮೊಳೆ ಹೊಡೆಯುವವರು ಇಬ್ಬರೇ, ತಾನು ಮತ್ತು ತಮ್ಮ. ಬಲಗೈಯವನು ಹೊಡೆದರೆ ಮೊಳೆಯ ತಲೆ ಬಲಕ್ಕಿರಬೇಕು. ಇದು ಎಡಕ್ಕಿತ್ತು. ಎಡಚನ ಕೆಲಸ.

ಆಂಜಿನಪ್ಪ ಗುಂಪಿನ ಹಿಂದೆ ಮೇವಿನ ಬಣವೆಗೆ ಒರಗಿ ನಿಂತಿದ್ದ. ಸೊಣ್ಣಪ್ಪ ಅವನ ಮುಖವನ್ನೇ ನೋಡಿದ. ಒಂದು ಮಾತು ಆಡು, ಮಾರಾಯ. ಗೊತ್ತಿಲ್ಲದೆ ಕೊಯ್ದೆ ಅನ್ನು, ಹೊಸ ಗೀರು ಹಾಕೋದು ಮರೆತೆ ಅನ್ನು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆಂಜಿನಪ್ಪ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ, ತಲೆ ಎತ್ತಲಿಲ್ಲ.

ವೆಂಕಟರಾಯಪ್ಪ ಹೆಂಗಸರ ಕಡೆ ತಿರುಗಿದ. "ಕದಿರಮ್ಮ, ನೀನೇ ನಿಜ ಏಳು ತಾಯಿ. ರಿಪೇರಿ ಮಾಡಿದ್ದು ಯಾರು?"

ಕದಿರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇವ್ರೇ," ಎಂದಳು. ಒಂದೇ ಮಾತು. ಸ್ವರ ಒಂದಿಷ್ಟೂ ಅಲುಗಲಿಲ್ಲ.

ಸೊಣ್ಣಪ್ಪ ಅವಳತ್ತ ತಿರುಗಿದ. ಹತ್ತೊಂಬತ್ತು ವರ್ಷ ತನ್ನ ಎದುರು ಕೂತು ಮುದ್ದೆ ಇಕ್ಕಿದ ಹೆಂಗಸು, ನೂರು ಜನರ ಮುಂದೆ ತನ್ನ ಮೇಲೆ ಸುಳ್ಳು ಹೇಳಿದ್ದಳು. ಅವಳು ಸುಳ್ಳಿ ಅನ್ನಬೇಕು, ಇಲ್ಲ ತಮ್ಮನನ್ನು ಹಿಡಿದುಕೊಡಬೇಕು, ಇಲ್ಲ ನುಂಗಿಕೊಳ್ಳಬೇಕು. ಮೊಳೆಯ ತಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, "ಊ, ನಾನೇ. ಮರ್ತಿದ್ದೆ," ಎಂದ.

"ನಿನ್ ಕಟ್ಳೆ ನೀನೇ ಮುರ್ದ್ಯಲ್ಲಪ್ಪಾ," ಎಂದ ವೆಂಕಟರಾಯಪ್ಪ. ಮುನಿನಾರಾಯಣಪ್ಪನ ಕಣ್ಣಲ್ಲಿ ನೀರು ಬಂತು. "ನೀನು ಅನ್ನೋ ಒಂದೇ ಕಾರಣಕ್ಕೆ ಕಂಪ್ಲೇಂಟು ಬರ್ಸಲ್ಲ. ಬೇರೆಯೋನಾಗಿದ್ರೆ ಜೈಲಿಗೆ ಆಕ್ಸ್ತಿದ್ದೆ. ಆದ್ರೆ ಇನ್ ಮೇಲೆ ನಿನ್ ಕೈ ಸಾಮಾನು ನಮ್ಗೆ ಬ್ಯಾಡ."

ಒಂದು ವಾರದೊಳಗೆ ಮೂವತ್ತೆಂಟು ಗಜಗಳು ಅವನ ಜಗಲಿಗೆ ವಾಪಸು ಬಂದವು. ಕೆಲವರು ಕೈಗೆ ಕೊಟ್ಟು ಹೋದರು. ಹೆಚ್ಚಿನವರು ಅವನು ಇಲ್ಲದ ಹೊತ್ತು ನೋಡಿ ಗೋಡೆಗೆ ಒರಗಿಸಿ ಹೋದರು.

ಕಣದಿಂದ ಬಂದ ಸಂಜೆ ಅವನು ಒಳಗೆ ಹೋಗಿ ಒಲೆಯ ಮುಂದೆ ನಿಂತ. ಕದಿರಮ್ಮ ಸೊಪ್ಪು ಸೋಸುತ್ತಿದ್ದಳು. ಕೇಳುವ ಮೊದಲೇ ಅವಳೇ ಹೇಳಿದಳು. "ಮೈನ್ಸಿನಾಗೆ ಅವನಿಗೆ ಕೆಲ್ಸ ಆಗೈತೆ. ಸೋಮವಾರ ಸೇರ್ಕೋಬೇಕು. ಪೊಲೀಸು ಕೇಸು ಅಂಟ್ಕೊಂಡ್ರೆ ತಕ್ಕೊಳ್ತಾರಾ? ಅವನಿನ್ನೂ ಬದುಕ್ಬೇಕು. ನಿಮ್ದೇನು, ನಿಮ್ಮನ್ನ ಯಾರೂ ಜೈಲಿಗಾಕಲ್ಲ ಅಂತ ನಂಗೊತ್ತಿತ್ತು."

"ಯಾವತ್ತು ಮಾತಾಡ್ಕೊಂಡ್ರಿ ಇಬ್ರೂ?"

"ತುಪಾಕಿ ಒಡೆದ ದಿನಾನೇ."

ಅಂದರೆ ಒಂಬತ್ತು ದಿನ. ಒಂಬತ್ತು ದಿನ ಅವನು ಇವರಿಬ್ಬರ ನಡುವೆ ಕೂತು, ನನ್ನ ಗೀರು ತಪ್ಪಿರಲಾರದು, ಹೇಗಾಯಿತೋ ಏನೋ ಎಂದು ಗೋಳಾಡಿದ್ದ. ಇಬ್ಬರೂ ಹೂಂಗುಟ್ಟುತ್ತಾ ಉಂಡಿದ್ದರು. ಅವನಿಗೆ ತಮ್ಮ ಕೊಯ್ದದ್ದಕ್ಕಿಂತ, ಹೆಂಡತಿ ಆಡಿದ ಮಾತಿಗಿಂತ, ಆ ಒಂಬತ್ತು ದಿನದ ಊಟವೇ ಹೊಟ್ಟೆಯಲ್ಲಿ ಬೆಂಕಿಯಾಯಿತು.

"ನಂಗೆ ಏಳಿದ್ರೆ ನಾನೇ ಒಪ್ಕೊತಿದ್ದೆ ಕಣೆ," ಎಂದ. "ಅವನು ನಂಗೂ ಮಗನೇ ಅಲ್ವಾ. ಕೇಳಿದ್ರೆ ನನ್ನೆಸ್ರನ್ನ ನಾನೇ ಕೊಡ್ತಿದ್ದೆ. ಕದ್ಕೊಂಡ್ರಿ."

ಕದಿರಮ್ಮನ ಕೈ ನಿಂತಿತು. ಅವಳು ಯೋಚಿಸಿರಲಿಲ್ಲ ಅದನ್ನು. ಗಂಡನನ್ನು ಕೇಳಬಹುದಿತ್ತು ಎಂಬುದೇ ಅವಳಿಗೆ ಹೊಳೆದಿರಲಿಲ್ಲ.

ಸೋಮವಾರ ಆಂಜಿನಪ್ಪ ಕೆಲಸಕ್ಕೆ ಸೇರಿದ. ಅದೇ ದಿನ ಸೊಣ್ಣಪ್ಪ ಕೆಲಸದ ಕೊಟ್ಟಿಗೆಯಲ್ಲಿ ತನಗೊಂದು ಒಲೆಗೆ ಮೂರು ಕಲ್ಲು ಹೂಡಿದ. ಒಂದು ಮಡಕೆ, ಒಂದು ತಟ್ಟೆ, ಮುದ್ದೆ ತಿರುವುವ ಒಂದು ಕೋಲು. ಜಗಳವಾಡಲಿಲ್ಲ, ಮನೆ ಬಿಡಲಿಲ್ಲ, ಊರಿಗೂ ಏನೂ ಹೇಳಲಿಲ್ಲ. ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ, ಬರುತ್ತಿದ್ದ. ಆಂಜಿನಪ್ಪ ರಾಬರ್ಟ್‌ಸನ್‌ಪೇಟೆಯಿಂದ ಸಿಹಿ ಕಟ್ಟಿಸಿಕೊಂಡು ಬಂದಾಗಲೆಲ್ಲ ಕದಿರಮ್ಮ ಪೊಟ್ಟಣವನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ನಿಲ್ಲುತ್ತಿದ್ದಳು. ಅವನು ಬಿಚ್ಚುತ್ತಿರಲಿಲ್ಲ. ಸಾಯುವ ತನಕ, ಎಂಟು ವರ್ಷ, ಒಂದೇ ಸೂರಿನಡಿ, ಆ ಹೆಂಗಸಿನ ಕೈಯ ಅನ್ನವನ್ನು ಅವನು ಉಣ್ಣಲಿಲ್ಲ.