ಗುಂಡನ ಊಟಕ್ಕೆ ಓನರ್ ಆಂಟಿ ತೀರ್ಪು

ಕೇಳ್ರಪ್ಪಾ, ನಮ್ಮ ನಾಯಿಮರಿ ಗುಂಡನ ಊಟದ ಜಗಳ ಇವತ್ತು ಬಗೆಹರೀತು. ಹಸಿ ಮಾಂಸ ಹಾಕೋಣ ಅಂತ ನಾನು, ಧಾನ್ಯವೇ ಇಲ್ಲದ ಫಾರಿನ್ ಒಣ ಫುಡ್ ಸಾಕು ಅಂತ ನನ್ನ ಹೆಂಡ್ತಿ. ಗುಂಡ ಅದನ್ನ ಮೂಸಿ, ಮುಖ ತಿರುಗಿಸಿ ಮಲಗಿಬಿಡ್ತಿದ್ದ. ಸೊರಗಿಹೋಗಿದ್ದ.

ಬೆಳಿಗ್ಗೆ ಶಿವಾಜಿನಗರದಿಂದ ಕುರಿ ಕೈಮಾ ತಂದು, ಕವರ್ ಬೆನ್ನ ಹಿಂದೆ ಬಚ್ಚಿಟ್ಕೊಂಡು ಗೇಟ್ ತೆಗೆದೆ. ಹಲಸೂರಿನ ಈ ಬಾಡಿಗೆ ಮನೆಗೆ ಮಾಂಸ ತರಬಾರದು ಅನ್ನೋದೇ ಕರಾರು. ಎದುರಿಗೇ ಓನರ್ ಆಂಟಿ! ಈರುಳ್ಳಿನೂ ಮುಟ್ಟದೋರು.

"ಕವರಲ್ಲೇನ್ರೀ?"

ಮನೆ ಖಾಲಿ ಮಾಡಿಸ್ತಾರೆ ಅಂದ್ಕೊಂಡೇ ಎಲ್ಲಾ ಹೇಳಿಬಿಟ್ಟೆ, ಒಣ ಫುಡ್ ಕಥೆನೂ ಸೇರಿಸಿ.

ಆಂಟಿ ಗುಂಡನ ಪಕ್ಕೆಲುಬು ಸವರಿ ನೋಡಿದ್ರು. "ಅಯ್ಯೋ ಕೂಸೇ! ಹಿತ್ತಲ ನಲ್ಲಿ ಹತ್ರ ಹಾಕಿ. ನಮ್ಮನೆಯವ್ರಿಗೆ ಹೇಳ್ಬೇಡಿ."

ಗುಂಡ ತಟ್ಟೆ ನೆಕ್ಕಿ ಮುಗಿಸೋವರೆಗೂ ಸೆರಗಲ್ಲಿ ಮೂಗು ಮುಚ್ಕೊಂಡು ಪಕ್ಕದಲ್ಲೇ ನಿಂತಿದ್ರು, ಪುಣ್ಯಾತ್ಗಿತ್ತಿ. ನನಗೆ ಕಣ್ಣು ತುಂಬಿಬಂತು.

ಮೆಟ್ಟಿಲು ಹತ್ತುತ್ತಾ ಅಂದ್ರು: "ನಾಳೆ ಏಕಾದಶಿ. ಒಂದಿನ ಆ ಒಣ ಫುಡ್ಡೇ ತಿನ್ಲಿ. ಧಾನ್ಯ ಇಲ್ವಲ್ಲ, ಉಪವಾಸಕ್ಕೆ ನಡೆಯುತ್ತೆ."

ಆ ಒಣ ಫುಡ್ ಚೀಲದ ಮೇಲಿರೋ ಕೋಳಿ ಚಿತ್ರನ ಸದ್ಯಕ್ಕೆ ಗೋಡೆ ಕಡೆ ತಿರುಗಿಸಿಟ್ಟಿದ್ದೀನಿ.